ಖಾನೇಷುಮಾರಿಯ ಪುಸ್ತಕ ಯಾರ ಬಳಿ? ಬಡವರ ಕೇರಿಗಳ ಎಣಿಕೆಯ ಚರಿತ್ರೆಯಿಂದ ಕೆಲವು ಪುಟಗಳು

1985ರ ಜುಲೈ 10ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಓಲ್ಗಾ ಟೆಲಿಸ್ ಮತ್ತು ಮುಂಬಯಿ ಮಹಾನಗರಪಾಲಿಕೆಯ ನಡುವಣ ಮೊಕದ್ದಮೆಯಲ್ಲಿ ತೀರ್ಪು ನೀಡಿತು. ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಸಾರಿದ ತೀರ್ಪು ಅದೆಂದು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ. ಆದರೆ ಅದರ ಕೊನೆಯ ಆದೇಶಭಾಗ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಫುಟ್‌ಪಾತಿನ ಮೇಲೆ ಮನೆ ಕಟ್ಟಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದು ನ್ಯಾಯಾಲಯ ಹೇಳಿತು. ಆ ವರ್ಷದ ಅಕ್ಟೋಬರ್ 31ರವರೆಗೆ, ಎಂದರೆ ಮಳೆಗಾಲ ಮುಗಿಯುವ ತನಕ, ಎಬ್ಬಿಸಕೂಡದೆಂದಿತು. 1976ರ ಗಣತಿಯಲ್ಲಿ ಎಣಿಕೆಯಾದವರಿಗೆ ಬೇರೆ ಜಾಗ ಕೊಡಬೇಕು, ಆದರೆ ಜಾಗ ಕೊಟ್ಟ ಮೇಲೆಯೇ ಎಬ್ಬಿಸಬೇಕೆಂಬ ನಿಯಮವಿಲ್ಲ ಎಂದೂ ಸೇರಿಸಿತು.

ಹೀಗೆ, ಹತ್ತು ವರ್ಷಗಳ ಹಿಂದೆ ಒಬ್ಬ ಎಣಿಕೆದಾರ ತನ್ನ ಪುಸ್ತಕದಲ್ಲಿ ಹೆಸರು ಬರೆದುಕೊಂಡಿದ್ದನೇ ಇಲ್ಲವೇ ಎಂಬುದರ ಮೇಲೆ ಒಂದು ಕುಟುಂಬಕ್ಕೆ ಬೇರೆ ಜಾಗ ಸಿಗುವುದೋ ಇಲ್ಲವೋ ಎಂಬುದು ನಿಂತಿತು. ಅಂಕಿಅಂಶವೆಂದರೆ ಬಡವರ ಪಾಲಿಗೆ ಏನೆಂಬುದನ್ನು ಇದಕ್ಕಿಂತ ನೇರವಾಗಿ ಹೇಳುವ ದಾಖಲೆ ನನಗೆ ಸಿಕ್ಕಿಲ್ಲ. ಕೇರಿ, ಓಣಿ, ವಠಾರದಂತಹ ಚಿಕ್ಕ ಜಾಗಗಳ ಲೆಕ್ಕ ಅಲ್ಲಿ ವಾಸಿಸುವವರ ಕೈಯನ್ನು ಯಾವಾಗ ಬಲಪಡಿಸಿತು, ಯಾವಾಗ ಕಟ್ಟಿಹಾಕಿತು ಎಂಬುದನ್ನು ಮುಂಬಯಿಯ ಈ ಚರಿತ್ರೆಯ ಮೂಲಕ ನೋಡುವುದು, ಆ ಮೇಲೆ ಗಡಿಯಾಚೆಯ ಕನ್ನಡಿಗರ ಲೆಕ್ಕದ ಪುಸ್ತಕಗಳತ್ತ ತಿರುಗುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಪದದ ವಿಚಾರ. ಮೈಸೂರು ಸಂಸ್ಥಾನದ ಹಳೆಯ ಬರಹಗಳಲ್ಲಿ ಜನಗಣತಿಗೆ ‘ಖಾನೇಷುಮಾರಿ’ ಎಂಬ ಮಾತಿದೆ. ಮರಾಠಿಯಲ್ಲಿ ಅದೇ ಪದ ‘ಖಾನೇಸುಮಾರಿ’. ಪಾರಸಿಯ ‘ಖಾನೆ’ ಎಂದರೆ ಮನೆ, ‘ಷುಮಾರಿ’ ಎಂದರೆ ಎಣಿಕೆ. ಜನಗಣತಿ ಎಂದಾಗ ಕಣ್ಣಮುಂದೆ ಬರುವುದು ತಲೆಗಳ ಮೊತ್ತ. ಖಾನೇಷುಮಾರಿ ಎಂದಾಗ ಎಣಿಸುವವನು ಒಂದೊಂದೇ ಬಾಗಿಲ ಮುಂದೆ ನಿಲ್ಲಬೇಕು. ಗಡಿಯ ಎರಡೂ ಮಗ್ಗುಲಲ್ಲಿ ಬಳಕೆಯಲ್ಲಿದ್ದು ಈಗ ಮರೆತುಹೋಗುತ್ತಿರುವ ಈ ಪದವನ್ನು ನಾನು ಇಲ್ಲಿ ಬೇಕೆಂದೇ ಉಳಿಸಿಕೊಂಡಿದ್ದೇನೆ.

1976ರ ಜನವರಿ 4ರಂದು, ತುರ್ತುಪರಿಸ್ಥಿತಿಯ ನಡುವೆ, ಮಹಾರಾಷ್ಟ್ರ ಸರಕಾರವು ಮುಂಬಯಿಯ ಸಾರ್ವಜನಿಕ ಜಮೀನಿನಲ್ಲಿದ್ದ ಕೊಳೆಗೇರಿಗಳನ್ನು ಒಂದೇ ದಿನದಲ್ಲಿ ಎಣಿಸಿತು. ಎಣಿಕೆಯಾದ ಕುಟುಂಬಗಳಿಗೆ ಮುಂದೆ ಫೋಟೋಪಾಸ್ ದೊರೆಯಿತು. ಅದುವರೆಗೆ ಅತಿಕ್ರಮಣಕಾರರೆಂದಷ್ಟೇ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವರ ಕೈಗೆ ಸರಕಾರದ ಮುದ್ರೆಯುಳ್ಳ ಕಾಗದವೊಂದು ಬಂತು. ಇದು ಸಣ್ಣ ಸಂಗತಿಯಲ್ಲ. ಆದರೆ ಅದೇ ಕಾಗದ ಒಂದು ಗೆರೆಯನ್ನೂ ಎಳೆಯಿತು. ಆ ದಿನ ಮನೆಯಲ್ಲಿಲ್ಲದವರು, ಊರಿಗೆ ಹೋಗಿದ್ದವರು, ಮರುದಿನ ಬಂದವರು ಗೆರೆಯ ಹೊರಗುಳಿದರು. ಫುಟ್‌ಪಾತಿನ ಮೇಲೆ ವಾಸಿಸುತ್ತಿದ್ದವರಲ್ಲಿ ಬಹುಪಾಲು ಜನರನ್ನು ಎಣಿಕೆದಾರರು ಮನೆಯುಳ್ಳವರೆಂದು ಪರಿಗಣಿಸಲೇ ಇಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಮಾನಖುರ್ದ್ ಬಳಿಯ ಜನತಾ ಕಾಲೊನಿಯನ್ನು ಕೆಡವಲಾಯಿತು. ಸುಮಾರು 70,000 ಜನ ವಾಸವಾಗಿದ್ದ ಆ ವಸತಿ ಪರಮಾಣು ಸಂಶೋಧನಾ ಕೇಂದ್ರಕ್ಕೆ ಬೇಕಾಗಿದ್ದ ಜಮೀನಿನಲ್ಲಿತ್ತು. ನಿವಾಸಿಗಳನ್ನು ಟ್ರಾಂಬೆಯ ಚೀತಾ ಕ್ಯಾಂಪಿಗೆ ಸಾಗಿಸಿದರು. ಈ ತೆರವಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದವರ ಮುಂಚೂಣಿಯಲ್ಲಿದ್ದವರು ಎ. ಜೋಕಿನ್. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ, ಹರೆಯದಲ್ಲೇ ಮುಂಬಯಿ ಸೇರಿ, ಬಡಗಿಯ ಕೆಲಸ ಮಾಡುತ್ತಿದ್ದವರು ಅವರು. ಕಾಲೊನಿಯ ಕಸ ಎತ್ತಲು ಪಾಲಿಕೆಯವರು ಬಾರದಿದ್ದಾಗ ಮಕ್ಕಳ ಕೈಯಲ್ಲಿ ಆ ಕಸವನ್ನು ಹೊರಿಸಿ ಪಾಲಿಕೆಯ ಕಚೇರಿಯ ಮುಂದೆಯೇ ಸುರಿಸಿದ ಪ್ರಸಂಗವನ್ನು ಅವರು ಕಡೆಯವರೆಗೂ ನಗುತ್ತ ಹೇಳುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಅವರು ಕಟ್ಟಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಮುಂದೆ ಎಣಿಕೆಯನ್ನೇ ತನ್ನ ಮುಖ್ಯ ಉಪಕರಣವಾಗಿ ಮಾಡಿಕೊಂಡಿತು. 2000ದಲ್ಲಿ ಜೋಕಿನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ 2011ರಲ್ಲಿ ಪದ್ಮಶ್ರೀಯೂ ದೊರೆತವು. 2018ರಲ್ಲಿ ಅವರು ತೀರಿಕೊಂಡರು. ಕನ್ನಡ, ತಮಿಳು, ತೆಲುಗುಗಳು ಒಂದೇ ಗಣಿಯ ಸಾಲುಮನೆಗಳಲ್ಲಿ ಬೆರೆತಿದ್ದ ಊರಿನಿಂದ ಬಂದ ಈ ಮನುಷ್ಯನ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಜೀವನಚರಿತ್ರೆ ಬರಬೇಕಿತ್ತು.

1981ರ ಜುಲೈ ತಿಂಗಳಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಲೆಯವರು ಫುಟ್‌ಪಾತ್ ನಿವಾಸಿಗಳನ್ನು ಎಬ್ಬಿಸಿ ಅವರವರ ಮೂಲ ಊರುಗಳಿಗೆ ಕಳುಹಿಸುವುದಾಗಿ ಘೋಷಿಸಿದರು. ಸುರಿಯುವ ಮಳೆಯಲ್ಲಿ ಗುಡಿಸಲುಗಳನ್ನು ಕಿತ್ತು, ಜನರನ್ನು ಬಸ್ಸುಗಳಿಗೆ ಹತ್ತಿಸಲಾಯಿತು. ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಒಬ್ಬರು ತಮಿಳುನಾಡಿನ ಸೇಲಂ ಕಡೆಯ ಭೂಹೀನ ಕೂಲಿಕಾರರು. ಬರಗಾಲದ ದೆಸೆಯಿಂದ 1961ರಲ್ಲಿ ಮುಂಬಯಿಗೆ ಬಂದ ಅವರನ್ನು ಇಪ್ಪತ್ತು ವರ್ಷಗಳ ತರುವಾಯ ಸೇಲಂ ಬಸ್ಸಿಗೆ ಹತ್ತಿಸಿದ್ದರು. ಅಲ್ಲಿ ಕೆಲಸವಿಲ್ಲದೆ ಅವರು ಮತ್ತೆ ಮುಂಬಯಿಗೇ ಮರಳಿದ್ದರು. ‘ಮೂಲ ಊರು’ ಎಂಬ ಕಾಲಂ ಎಷ್ಟು ಹರಿತವಾದದ್ದೆಂಬುದು ಈ ಪ್ರಕರಣದಿಂದ ತಿಳಿಯುತ್ತದೆ. ಇದನ್ನು ಗಡಿನಾಡಿನವರು ನೆನಪಿಡಬೇಕು. ಮುಂದೆ ಮತ್ತೆ ಈ ಮಾತಿಗೆ ಬರುತ್ತೇನೆ.

ನ್ಯಾಯಾಲಯದ ತಡೆಯಾಜ್ಞೆಯಿಂದ ತೆರವು ನಿಂತಿದ್ದ ದಿನಗಳಲ್ಲಿ, 1984ರಲ್ಲಿ, ಶೀಲಾ ಪಟೇಲ್ ಮತ್ತು ಅವರ ಸಂಗಡಿಗರು ‘ಸ್ಪಾರ್ಕ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬೈಕಲಾದಲ್ಲಿ ಪಾಲಿಕೆಯ ದವಾಖಾನೆಗೆ ಸೇರಿದ ಒಂದು ಗ್ಯಾರೇಜು ಅವರ ನೆಲೆ. ಸುತ್ತಲಿನ ಫುಟ್‌ಪಾತುಗಳ ಹೆಂಗಸರು ಅಲ್ಲಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ತೀರ್ಪು ಬರುವುದೆಂಬ ಸುದ್ದಿ ಹಬ್ಬಿದಂತೆ ಅವರ ಮುಂದಿದ್ದ ಪ್ರಶ್ನೆ ಒಂದೇ: ನಾಳೆ ಎಬ್ಬಿಸಲು ಬಂದರೆ ನಾವೆಷ್ಟು ಜನ, ಯಾರು, ಏನು ಕೆಲಸ ಮಾಡುತ್ತೇವೆ ಎಂದು ತೋರಿಸಲು ನಮ್ಮಲ್ಲಿ ಏನಿದೆ? ಏನೂ ಇರಲಿಲ್ಲ. ಪಾಲಿಕೆಯಲ್ಲೂ ಇರಲಿಲ್ಲ. ಹಾಗಾಗಿ ಎಣಿಸಲು ಹೊರಟರು. ನಗರದ ‘ಇ’ ವಾರ್ಡಿನ ಫುಟ್‌ಪಾತುಗಳನ್ನೂ ಕೆಲವು ಮುಖ್ಯ ರಸ್ತೆಗಳ ಬದಿಗಳನ್ನೂ ನಡೆದು, ಸುಮಾರು 6,000 ಕುಟುಂಬಗಳ 27,000 ಜನರ ವಿವರಗಳನ್ನು ಬರೆದುಕೊಂಡರು. 1985ರಲ್ಲಿ ಅದು ಇಂಗ್ಲಿಷಿನಲ್ಲಿ ವರದಿಯಾಗಿ ಹೊರಬಂತು. ಅದರ ಹೆಸರು ‘ವಿ, ದಿ ಇನ್ವಿಸಿಬಲ್’, ಎಂದರೆ ಕಣ್ಣಿಗೆ ಕಾಣದ ನಾವು.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಹೆಸರಿನಲ್ಲಿ ಮೊದಲು ಕಾಣಿಸಿದ್ದು ಅದರ ಸರ್ವನಾಮ. ಅಂಕಿಅಂಶದ ವರದಿಗಳು ಸಾಮಾನ್ಯವಾಗಿ ಪ್ರಥಮ ಪುರುಷದಲ್ಲಿ ಮಾತನಾಡುತ್ತವೆ: ಅವರು ಇಷ್ಟು ಮಂದಿ, ಅವರ ಆದಾಯ ಇಷ್ಟು. ಇಲ್ಲಿ ‘ನಾವು’ ಬಂದಿದೆ. ಆದರೆ ಯಾವ ನಾವು? ಗಡಿನಾಡಿನ ಓದುಗರಿಗೆ ಈ ಪ್ರಶ್ನೆ ಕೂಡಲೇ ಅರ್ಥವಾಗುತ್ತದೆ. ತೆಲುಗಿನಲ್ಲಿ ‘ಮನಮು’, ‘ಮೇಮು’ ಎಂದೂ ತುಳುವಿನಲ್ಲಿ ‘ನಮ’, ‘ಎಂಕುಳು’ ಎಂದೂ ಮರಾಠಿಯಲ್ಲಿ ‘ಆಪಣ್’, ‘ಆಮ್ಹೀ’ ಎಂದೂ ಎರಡೆರಡು ‘ನಾವು’ಗಳಿವೆ, ಕೇಳುವವರನ್ನು ಸೇರಿಸಿಕೊಂಡದ್ದು ಒಂದು, ಬಿಟ್ಟದ್ದು ಇನ್ನೊಂದು. ಇಂದಿನ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಈ ಭೇದವಿಲ್ಲ. ಓದುಬಲ್ಲ ಸಂಸ್ಥೆಯವರೂ ಓದುಬಾರದ ಫುಟ್‌ಪಾತಿನ ಹೆಂಗಸರೂ ಕೂಡಿ ಬರೆದ ಆ ಪುಸ್ತಕದ ‘ವಿ’ ಇವೆರಡರಲ್ಲಿ ಯಾವುದೆಂದು ಅದರ ಭಾಷೆಯಿಂದ ತಿಳಿಯುವಂತಿಲ್ಲ. ಕೆಲಸದ ವಿಧಾನದಿಂದ ಮಾತ್ರ ತಿಳಿಯಬೇಕು.

ಆ ವಿಧಾನ ಮುಂದಿನ ವರ್ಷಗಳಲ್ಲಿ ಒಂದು ಪದ್ಧತಿಯಾಗಿ ನೆಲೆನಿಂತಿತು. ಮೊದಲು ವಸತಿಯನ್ನು ಸುಮ್ಮನೆ ಸುತ್ತಿ ಮನೆಗಳ ಅಂದಾಜು ಎಣಿಕೆ. ಆ ಮೇಲೆ ಬಾಗಿಲುಗಳ ಮೇಲೆ ಸೀಮೆಸುಣ್ಣದಿಂದ ಸಂಖ್ಯೆ. ಕೈಯಿಂದ ಬರೆದ ನಕ್ಷೆ: ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಗಟಾರ ಎತ್ತ ಹರಿಯುತ್ತದೆ. ಬಳಿಕ ಮನೆಮನೆಯ ನಮೂನೆ, ಮನೆಯ ಮುಂದೆ ಕುಟುಂಬದ ಫೋಟೋ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಹಂತ. ಬರೆದದ್ದನ್ನೆಲ್ಲ ವಸತಿಗೇ ಮರಳಿ ತಂದು ಎಲ್ಲರ ಮುಂದೆ ಗಟ್ಟಿಯಾಗಿ ಓದುವುದು. ಒಂದೇ ಕುಟುಂಬ ಎರಡು ಮನೆಯೆಂದು ಬರೆಸಿದ್ದರೆ ಪಕ್ಕದವರು ಹೇಳುತ್ತಾರೆ. ಬಿಟ್ಟುಹೋದವರಿದ್ದರೆ ಅವರೇ ಎದ್ದು ನಿಲ್ಲುತ್ತಾರೆ. ಜಗಳವಾಗುತ್ತದೆ; ಅಲ್ಲಿಯೇ ತೀರುತ್ತದೆ. ವಿಶ್ವವಿದ್ಯಾಲಯದಲ್ಲಿ ನಾವು ದತ್ತಾಂಶ ಪರಿಶೀಲನೆ ಎನ್ನುವುದನ್ನು ಇವರು ಬೀದಿಯಲ್ಲಿ ಕುಳಿತು ಮಾಡುತ್ತಿದ್ದರು, ಹೆಚ್ಚಿನ ಕಟ್ಟುನಿಟ್ಟಿನಿಂದಲೇ ಎಂದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಪದವಿಯಲ್ಲ, ಸೂರು. ಬೈಕಲಾದ ಆ ಹೆಂಗಸರು ಕೆಲಕಾಲದಲ್ಲೇ ‘ಮಹಿಳಾ ಮಿಲನ್’ ಎಂಬ ತಮ್ಮದೇ ಉಳಿತಾಯ ಸಂಘಟನೆ ಕಟ್ಟಿಕೊಂಡರು. ಜೋಕಿನ್ ಅವರ ಒಕ್ಕೂಟವೂ ಇವರ ಜೊತೆಗೂಡಿತು. ಮೂರೂ ಸಂಘಟನೆಗಳ ಈ ಮೈತ್ರಿಯನ್ನು ಕುರಿತು ಅರ್ಜುನ್ ಅಪ್ಪಾದುರೈ 2001ರಲ್ಲಿ ಬರೆದ ಪ್ರಬಂಧ ಜಗತ್ತಿನಾದ್ಯಂತ ಓದುಗರನ್ನು ಪಡೆದಿದೆ.

1985ರ ಅಕ್ಟೋಬರ್ ಕಳೆಯಿತು. ಹೆದರಿದ್ದ ಭಾರಿ ತೆರವು ನಡೆಯಲಿಲ್ಲ. ಎಣಿಕೆಯೊಂದರಿಂದಲೇ ಹೀಗಾಯಿತೆಂದು ಹೇಳುವುದು ಅತಿಶಯೋಕ್ತಿ. ರಾಜಕೀಯ ಕಾರಣಗಳೂ ಇದ್ದವು. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ರೈಲುಹಳಿಗಳ ಬದಿಯ ಗುಡಿಸಲುಗಳ ಲೆಕ್ಕ ಬೇಕಾದಾಗ ಸರಕಾರ ಈ ಜನರನ್ನೇ ಜೊತೆಗೂಡಿಸಿಕೊಂಡಿತೆಂಬುದು ಸಣ್ಣ ಬದಲಾವಣೆಯಲ್ಲ. ಹಳಿಯ ಅಂಚಿನಲ್ಲಿ ವಾಸಿಸುತ್ತಿದ್ದ ಸುಮಾರು 18,000 ಕುಟುಂಬಗಳು ಎಣಿಕೆಯಾದವು. ಅಲ್ಲಿ ರೈಲುಗಳು ವೇಗ ತಗ್ಗಿಸಿ ಓಡಬೇಕಿತ್ತು. ಮಕ್ಕಳು ಗಾಲಿಗೆ ಸಿಕ್ಕಿ ಸಾಯುತ್ತಿದ್ದರು. ಸ್ಥಳಾಂತರ ರೈಲ್ವೆಗೂ ಬೇಕಿತ್ತು, ನಿವಾಸಿಗಳಿಗೂ ಬೇಕಿತ್ತು. ಎಲ್ಲಿಗೆ, ಯಾರು ಮೊದಲು, ಯಾರ ಪಕ್ಕದಲ್ಲಿ ಯಾರು ಎಂಬುದನ್ನು ನಿರ್ಧರಿಸುವವರು ಯಾರು ಎಂಬುದೇ ಪ್ರಶ್ನೆ. ಮುಂಬಯಿ ನಗರ ಸಾರಿಗೆ ಯೋಜನೆ ವಿಶ್ವಬ್ಯಾಂಕಿನ ಸಾಲದೊಡನೆ ಬಂದಾಗ ಹಳೆಯ ಎಣಿಕೆಪುಸ್ತಕಗಳು ಕೆಲಸಕ್ಕೆ ಬಂದವು. 2000ದ ಆರಂಭದಲ್ಲಿ ರೈಲ್ವೆಯು ಹಾರ್ಬರ್ ಮಾರ್ಗದ ಬದಿಯ ಗುಡಿಸಲುಗಳನ್ನು ಏಕಾಏಕಿ ಕೆಡವಿದಾಗ ಒಕ್ಕೂಟ ಪ್ರತಿಭಟಿಸಿ ಅದನ್ನು ನಿಲ್ಲಿಸಿತು. ಮುಂದಿನ ಕೆಲವೇ ತಿಂಗಳುಗಳಲ್ಲಿ ಸುಮಾರು 60,000 ಜನ ಪೊಲೀಸರ ಲಾಠಿಯಿಲ್ಲದೆ ಸ್ಥಳಾಂತರಗೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ ಕಥೆ. ಆದರೆ ಮಾನಖುರ್ದ್ ಮತ್ತು ಗೋವಂಡಿಯ ಪುನರ್ವಸತಿ ಕಟ್ಟಡಗಳ ನಡುವೆ ನಡೆದವರಿಗೆ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಒಂದಕ್ಕೊಂದು ಅಂಟಿಕೊಂಡಂತೆ ನಿಂತ ಏಳಂತಸ್ತಿನ ಸಾಲುಗಳು. ಕೆಳಗಿನ ಮನೆಗಳಿಗೆ ಹಗಲಿನಲ್ಲೂ ದೀಪ ಬೇಕು. ಹಳೆಯ ಕೆಲಸದ ಜಾಗ ಬಹುದೂರ. ಮನೆಗಳ ಸಂಖ್ಯೆಯನ್ನು ಕರಾರುವಾಕ್ಕಾಗಿ ಎಣಿಸಿದವರು ಬೆಳಕನ್ನೂ ಗಾಳಿಯನ್ನೂ ಎಣಿಸುವಂತೆ ಸರಕಾರವನ್ನು ಒತ್ತಾಯಿಸಲು ಸೋತರು ಎನ್ನಬೇಕಾಗುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. 1995ರಲ್ಲಿ ರಾಜ್ಯವು ಪುನರ್ವಸತಿಯ ಅರ್ಹತೆಗೆ ಅದೇ ವರ್ಷದ ಜನವರಿ 1ನ್ನು ಗಡುವಾಗಿ ಇರಿಸಿ, ಫುಟ್‌ಪಾತ್ ನಿವಾಸಿಗಳನ್ನೂ ಅದರೊಳಗೆ ತಂದಿತು. ಹತ್ತು ವರ್ಷಗಳ ಹಿಂದಿನ ‘ಕಾಣದವರು’ ಕಾನೂನಿಗೆ ಕಾಣಿಸಿಕೊಂಡದ್ದು ನಿಜವಾದ ಗೆಲುವು. ಆದರೆ 1976ರ ಗೆರೆ 1995ಕ್ಕೆ ಸರಿಯಿತಷ್ಟೇ, ಅಳಿಯಲಿಲ್ಲ. ಮತ್ತು ಈ ಸಲ ಗೆರೆಯ ಒಳಗೋ ಹೊರಗೋ ಎಂದು ಹೇಳುವ ಪುಸ್ತಕ ಬಡವರದೇ ಸಂಘಟನೆಯ ಕೈಯಲ್ಲಿತ್ತು. ಬಿಟ್ಟುಹೋದ ಬಾಡಿಗೆದಾರ ಈಗ ಯಾರ ಮುಂದೆ ಎದ್ದು ನಿಲ್ಲಬೇಕು?

ಮನೆಮನೆಯ ಎಣಿಕೆಯ ಈ ಸಂಪ್ರದಾಯ ಮುಂಬಯಿಗಿಂತ ಹಳೆಯದು. ಲಿವರ್‌ಪೂಲಿನ ಹಡಗು ವ್ಯಾಪಾರಿ ಚಾರ್ಲ್ಸ್ ಬೂತ್ 1886ರಲ್ಲಿ ಲಂಡನ್ನಿನ ಬಡತನದ ಸಮೀಕ್ಷೆಯನ್ನು ಆರಂಭಿಸಿ, ಕೊನೆಗೆ ಅದನ್ನು 17 ಸಂಪುಟಗಳಿಗೆ ಬೆಳೆಸಿದನು. ಅವನ ನಕ್ಷೆಯಲ್ಲಿ ಒಂದೊಂದು ಬೀದಿಗೆ ಒಂದೊಂದು ಬಣ್ಣ. ಶ್ರೀಮಂತರಿಗೆ ಹಳದಿ, ಅತ್ಯಂತ ಕೆಳಗಿನವರಿಗೆ ಕಪ್ಪು, ಆ ಕಪ್ಪಿನ ವಿವರಣೆಯಲ್ಲಿ ‘ಅರೆ ಅಪರಾಧಿ’ ಎಂಬ ಮಾತು. ಲಂಡನ್ನಿನ ಶೇಕಡಾ 30.7ರಷ್ಟು ಜನ ಬಡವರೆಂದು ಅವನ ಲೆಕ್ಕ ತೋರಿಸಿತು; ಅದು ಆ ದೇಶವನ್ನು ಬೆಚ್ಚಿಬೀಳಿಸಿತು. ಆದರೆ ಅವನ ಮಾಹಿತಿಯ ಬಹುಪಾಲು ಬಂದದ್ದು ಶಾಲಾಮಂಡಳಿಯ ಪರಿವೀಕ್ಷಕರಿಂದ, ಬಳಿಕ ಬೀದಿ ಸುತ್ತುವಾಗ ಜೊತೆಗಿದ್ದ ಪೊಲೀಸರಿಂದ. ತಮ್ಮ ಬೀದಿ ಕಪ್ಪಾದದ್ದು ಆ ಬೀದಿಯವರಿಗೆ ಗೊತ್ತಾದದ್ದು ಅನುಮಾನ.

ಶಿಕಾಗೋ ನಗರದಲ್ಲಿ ನಡೆದದ್ದು ಸ್ವಲ್ಪ ಬೇರೆ, ಹಾಗೂ ನಮ್ಮ ವಿಷಯಕ್ಕೆ ಬಹಳ ಹತ್ತಿರ. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ವಲಸಿಗ ಕಾರ್ಮಿಕರ ಕೇರಿಯ ನಡುವೆ ‘ಹಲ್ ಹೌಸ್’ ತೆರೆದು ಅಲ್ಲಿಯೇ ವಾಸಿಸತೊಡಗಿದ್ದರು. 1893ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ದೊಡ್ಡ ನಗರಗಳ ಕೊಳೆಗೇರಿಗಳ ತನಿಖೆ ಕೈಗೊಂಡಿತು. ಶಿಕಾಗೋ ಭಾಗದ ಹೊಣೆ ಹಲ್ ಹೌಸಿನ ನಿವಾಸಿ ಫ್ಲಾರೆನ್ಸ್ ಕೆಲ್ಲಿಯವರದಾಯಿತು. ತನಿಖೆದಾರರು ಮನೆಮನೆಗೆ ಹೋಗಿ ನಮೂನೆ ತುಂಬಿ ತರುತ್ತಿದ್ದರು. ಆ ನಮೂನೆಗಳು ವಾಷಿಂಗ್ಟನ್ನಿಗೆ ಹೋಗುವ ಮೊದಲು, ಇಲಾಖೆಯ ಒಪ್ಪಿಗೆ ಪಡೆದು, ಹಲ್ ಹೌಸಿನವರು ಅವನ್ನು ನಕಲು ಮಾಡಿಕೊಂಡರು. ಹೀಗೆ ಒಂದೇ ಉತ್ತರಗಳಿಂದ ಎರಡು ಪುಸ್ತಕಗಳು ಹುಟ್ಟಿದವು. ವಾಷಿಂಗ್ಟನ್ನಿನ ವರದಿ ಕೋಷ್ಟಕಗಳ ಸಾಲು; ಅದರಲ್ಲಿ ಯಾವ ಮನೆಯೂ ಇಲ್ಲ. 1895ರಲ್ಲಿ ಪ್ರಕಟವಾದ ಹಲ್ ಹೌಸಿನ ಪುಸ್ತಕದಲ್ಲಿ ಎರಡು ಬಗೆಯ ನಕ್ಷೆಗಳು: ಒಂದರಲ್ಲಿ ಪ್ರತಿ ಮನೆಯವರ ಮೂಲ ನಾಡು, ಇನ್ನೊಂದರಲ್ಲಿ ವಾರದ ಕೂಲಿ. ಒಂದು ಚದರ ಮೈಲಿಯ ಮೂರನೆಯ ಒಂದು ಪಾಲಿಗಿಂತ ಚಿಕ್ಕ ಜಾಗದಲ್ಲಿ 18 ದೇಶಗಳವರು. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ನಾಡಿನವರು ಯಾವ ಕೂಲಿಗೆ ದುಡಿಯುತ್ತಿದ್ದಾರೆಂಬುದು ತಾನಾಗಿ ಕಾಣಿಸುತ್ತದೆ. ಅದೇ 1893ರಲ್ಲಿ ಇಲಿನಾಯ್ ರಾಜ್ಯ ಕಾರ್ಖಾನೆ ತಪಾಸಣೆಯ ಕಾನೂನು ಮಾಡಿತು. ಕೆಲ್ಲಿಯವರೇ ಮೊದಲ ಮುಖ್ಯ ತಪಾಸಕರಾದರು. ಹೆಂಗಸರಿಗೆ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೆಲಸವಿಲ್ಲವೆಂಬ ಅದರ ವಿಧಿಯನ್ನು ಎರಡೇ ವರ್ಷಗಳಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ರದ್ದುಮಾಡಿತೆಂಬುದನ್ನೂ ಹೇಳಬೇಕು.

ನಕ್ಷೆಗೆ ಬಣ್ಣ ಹಚ್ಚುವ ಕಲೆ ಯಾವಾಗಲೂ ಬಡವರ ಪರವಾಗಿಯೇ ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಸರಕಾರಿ ಗೃಹಸಾಲ ನಿಗಮವೊಂದು ನಗರಗಳ ಕೇರಿಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಎಂದು ದರ್ಜೆ ಹಚ್ಚಿತು. ಕಪ್ಪುಜನರಿದ್ದ ಕೇರಿ ಕೆಂಪು. ಅಂಥ ಕೇರಿಗಳಿಗೆ ದಶಕಗಳ ಕಾಲ ಮನೆಸಾಲ ಸಿಗುವುದು ದುಸ್ತರವಾಯಿತು. ಇದನ್ನು ಎದುರಿಸಿದ್ದೂ ಲೆಕ್ಕದಿಂದಲೇ. ಶಿಕಾಗೋದ ಆಸ್ಟಿನ್ ಕೇರಿಯ ಗೃಹಿಣಿ ಗೇಲ್ ಸಿಂಕೋಟಾ ಮತ್ತು ಅವರ ಸಂಗಡಿಗರ ಹೋರಾಟದ ಫಲವಾಗಿ, ಬ್ಯಾಂಕುಗಳು ಯಾವ ಕೇರಿಗೆ ಎಷ್ಟು ಮನೆಸಾಲ ಕೊಟ್ಟಿವೆಯೆಂದು ಬಹಿರಂಗಪಡಿಸಲೇಬೇಕೆಂಬ ಕಾನೂನು 1975ರಲ್ಲಿ ಬಂತು. ಕೇರಿಗಳ ಸಾಲದ ಅಗತ್ಯವನ್ನು ಬ್ಯಾಂಕುಗಳು ಪೂರೈಸಬೇಕೆಂಬ ಇನ್ನೊಂದು ಕಾನೂನು 1977ರಲ್ಲಿ. ಬ್ಯಾಂಕಿನ ಕಪಾಟಿನಲ್ಲಿದ್ದ ಲೆಕ್ಕ ಬೀದಿಗೆ ಬಂದದ್ದೇ ಇಲ್ಲಿ ದೊಡ್ಡ ಬದಲಾವಣೆ.

ಇನ್ನು ನಮ್ಮ ಮನೆಯ ಲೆಕ್ಕ. ಸೊಲ್ಲಾಪುರದ ಕಾರ್ಮಿಕರನ್ನು ಯಾರೂ ಎಣಿಸಿಲ್ಲವೆಂದು ಹೇಳುವಂತಿಲ್ಲ. ಮುಂಬಯಿ ಸರಕಾರದ ಕಾರ್ಮಿಕ ಕಚೇರಿ ಆ ನಗರದ ಹತ್ತಿಗಿರಣಿ ಕಾರ್ಮಿಕರ ಸಂಸಾರದ ಆಯವ್ಯಯವನ್ನು ತನಿಖೆ ಮಾಡಿ 1928ರಲ್ಲಿ ವರದಿ ಹೊರಡಿಸಿತು. ಡಿ.ಆರ್. ಗಾಡ್ಗೀಳರು ನಡೆಸಿದ ಸೊಲ್ಲಾಪುರ ನಗರದ ಸಾಮಾಜಿಕ-ಆರ್ಥಿಕ ಅಧ್ಯಯನಗಳನ್ನು ಪುಣೆಯ ಗೋಖಲೆ ಸಂಸ್ಥೆ 1965ರಲ್ಲಿ ಪ್ರಕಟಿಸಿತು. ಎರಡೂ ಶ್ರದ್ಧೆಯ ಕೆಲಸಗಳೇ. ಆದರೆ ಎರಡೂ ಇಂಗ್ಲಿಷಿನಲ್ಲಿ, ದೂರದ ಗ್ರಂಥಾಲಯಗಳಲ್ಲಿ ಉಳಿದವು. ಯಾರ ಅಡುಗೆಮನೆಯ ಜೋಳದ ಲೆಕ್ಕ ಅವುಗಳಲ್ಲಿದೆಯೋ ಅವರು ಅವನ್ನು ನೋಡಲಿಲ್ಲ.

ಗಡಿಭಾಗದ ಹಳ್ಳಿಗಳ ಭಾಷಾಲೆಕ್ಕಕ್ಕೆ ಒಮ್ಮೆ ಮಾತ್ರ ಬಹಳ ಬೆಲೆ ಬಂದಿತ್ತು, ಗಡಿ ಎಳೆಯುವಾಗ. ಹಳ್ಳಿಯೇ ಘಟಕವೋ ತಾಲೂಕು ಘಟಕವೋ ಎಂಬ ವಾದ ಐವತ್ತು-ಅರವತ್ತರ ದಶಕಗಳಲ್ಲಿ ಎಷ್ಟು ಕಾವೇರಿತ್ತೆಂಬುದನ್ನು ಹಿರಿಯ ಓದುಗರು ಬಲ್ಲರು. ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು, ಅಕ್ಕಲಕೋಟೆ ಮೊದಲಾದವು ಕರ್ನಾಟಕಕ್ಕೆ ಸೇರಬೇಕೆಂದಿತು, ವರದಿ ಜಾರಿಯಾಗಲಿಲ್ಲ. ಅಲ್ಲಿಗೆ ಆ ಪುಸ್ತಕ ಮುಚ್ಚಿತು. ಒಂದು ಹಳ್ಳಿಯಲ್ಲಿ ಎಷ್ಟು ಕನ್ನಡಿಗರಿದ್ದಾರೆಂದು ಕೇಳಿದವರು, ಆ ಕನ್ನಡಿಗರು ನೀರನ್ನು ಎಷ್ಟು ದೂರದಿಂದ ತರುತ್ತಾರೆ, ಯಾವ ಕೂಲಿಗೆ ದುಡಿಯುತ್ತಾರೆ ಎಂದು ಕೇಳಲಿಲ್ಲ. 2022ರಲ್ಲಿ ಜತ್ತ ತಾಲೂಕಿನ ಹಳ್ಳಿಗಳ ನೀರಿನ ಬವಣೆ ಮತ್ತೆ ಎರಡು ರಾಜ್ಯಗಳ ಗಡಿ ರಾಜಕಾರಣವಾಗಿಯೇ ಸುದ್ದಿಯಾಯಿತು.

ಆದರೂ ನಮ್ಮ ಹಕ್ಕುಗಳು ಸಂಖ್ಯೆಗಳ ಮೇಲೆಯೇ ನಿಂತಿವೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಮಾತನ್ನಾಡುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ನೇಮಿಸಬೇಕೆಂಬುದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯ. ತಾಲೂಕು ಅಥವಾ ಪುರಸಭೆಯ ಜನಸಂಖ್ಯೆಯಲ್ಲಿ ಶೇಕಡಾ 15ರಷ್ಟು ಜನರ ಭಾಷೆಯಾದರೆ ಮುಖ್ಯ ಸರಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂಬುದು 1956ರ ಜ್ಞಾಪನಪತ್ರದಿಂದ ಬಂದ ಪದ್ಧತಿ. ಇಲ್ಲಿ 10, 40, 15 ಇವೆಲ್ಲ ಚಿಕ್ಕ ಜಾಗದ ಸಂಖ್ಯೆಗಳು. ಇವನ್ನು ತೋರಿಸುವ ದಾಖಲೆ ಯಾವುದು? ಜನಗಣತಿಯ ಗ್ರಾಮವಾರು ಸಾರಾಂಶದಲ್ಲಿ ಮನೆಗಳು, ಸಾಕ್ಷರರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೆಲಸಗಾರರು ಎಲ್ಲ ಇದ್ದಾರೆ, ಮಾತೃಭಾಷೆ ಇಲ್ಲ. ಬೇರೆ ಕೋಷ್ಟಕದಲ್ಲಿ ಮಾತೃಭಾಷೆ ಇದೆ. ಅಲ್ಲಿ ಹಳ್ಳಿ ಇಲ್ಲ. ಹಲ್ ಹೌಸಿನ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟಂತೆ ಇವೆರಡನ್ನು ಇಟ್ಟು ನೋಡಲು ಬರುವುದಿಲ್ಲ. ಕನ್ನಡ ಮಾತನಾಡುವ, ಬೀಡಿ ಕಟ್ಟುವ ಹೆಂಗಸು ಒಂದು ಕೋಷ್ಟಕದಲ್ಲಿ ಕೆಲಸಗಾರ್ತಿ, ಇನ್ನೊಂದರಲ್ಲಿ ಕನ್ನಡಿತಿ. ಎರಡೂ ಆಗಿ ಎಲ್ಲಿಯೂ ಇಲ್ಲ.

ಶಾಲೆಯ ಹಾಜರಿ ಪುಸ್ತಕವಿದೆಯಲ್ಲ ಎನ್ನಬಹುದು. ಅದು ಎಣಿಸುವುದು ಬಂದ ಮಕ್ಕಳನ್ನು. ಶಿಕ್ಷಕರಿಲ್ಲದ ಕಾರಣ ಮರಾಠಿಗೋ ತಮಿಳಿಗೋ ಇಂಗ್ಲಿಷಿಗೋ ಹೋದ ಮಗು ಅದರಲ್ಲಿ ಇರುವುದಿಲ್ಲ. ಅದಿಲ್ಲದಿರುವುದೇ ಶಿಕ್ಷಕರು ಬೇಡವೆಂಬುದಕ್ಕೆ ಪುರಾವೆಯಾಗುತ್ತದೆ. ಈ ಸುತ್ತು ಮುರಿಯುವುದು ಶಾಲೆಯ ಬಾಗಿಲಿನಿಂದಲ್ಲ, ಮನೆಯ ಬಾಗಿಲಿನಿಂದ ಎಣಿಸಿದಾಗ. 2021ರಲ್ಲಿ ನಡೆಯಬೇಕಿದ್ದ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅದರಲ್ಲಿ ಮಾತೃಭಾಷೆಯನ್ನು ಸರಿಯಾಗಿ ಬರೆಸಿರೆಂದು ನಮ್ಮ ಸಂಘಗಳು ಕರಪತ್ರ ಹಂಚುವುದು ಸರಿಯೇ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಒಂದು ಸಮೀಕ್ಷೆಗಾಗಿ ಬಂದವರು ಭಾಷೆಯ ಕಾಲಮನ್ನು ಕೇಳದೆಯೇ ತುಂಬಿ ಹೊರಟದ್ದನ್ನೂ, ಬಾಗಿಲಲ್ಲಿ ನಿಂತಿದ್ದ ನಾನು ಸುಮ್ಮನಿದ್ದದ್ದನ್ನೂ ನೆನೆದರೆ ಕರಪತ್ರದ ಅಗತ್ಯ ನನಗೆ ಚೆನ್ನಾಗಿಯೇ ಗೊತ್ತು. ಆದರೆ ಅಷ್ಟರಿಂದ ಮೇಲಿನ ಎರಡು ಕೋಷ್ಟಕಗಳು ಕೂಡುವುದಿಲ್ಲ.

ನಮ್ಮದೇ ಖಾನೇಷುಮಾರಿ ಬರೆದುಕೊಳ್ಳುವುದಾದರೆ ಮುಂಬಯಿಯ ‘ಮೂಲ ಊರು’ ಕಾಲಂ ನೆನಪಿರಲಿ. ಯಾವ ಓಣಿಯಲ್ಲಿ ಯಾವ ಭಾಷೆಯವರೆಂಬ ಪಟ್ಟಿ ಶಿಕ್ಷಕರನ್ನು ತರಬಲ್ಲದು. ಹೊರಗಿನವರೆಂದು ಬೆರಳು ತೋರಿಸುವವರ ಕೈಗೂ ಸಿಗಬಲ್ಲದು. ತಲೆಮಾರುಗಳಿಂದ ನೆಲೆನಿಂತವರಿಗೆ ಆ ಕಾಲಂ ಬೇಕೇ ಎಂಬುದನ್ನು ಓಣಿಯವರೇ ಕುಳಿತು ತೀರ್ಮಾನಿಸಬೇಕು. ಬೇಡವೆಂದೇ ನನ್ನ ಮತ.

ಕಳೆದ ಬೇಸಿಗೆಯಲ್ಲಿ ಸೊಲ್ಲಾಪುರದ ಒಂದು ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಮುಂದೆ ಇಂಥದೊಂದು ನಮೂನೆಯ ಕರಡನ್ನು ಓದಿದೆ. ಮಾತೃಭಾಷೆಯ ಪ್ರಶ್ನೆಗೆ ಅವರು ನಕ್ಕರು. ಮನೆಯಲ್ಲಿ ಕನ್ನಡ, ಎಲೆ ತೂಗಿಕೊಡುವವರೊಡನೆ ತೆಲುಗು, ಶಾಲೆಗೆ ಹೋದರೆ ಮರಾಠಿ, ಯಾವುದು ಬೇಕು? ಒಬ್ಬರು ನೀರಿನ ಪ್ರಶ್ನೆಯನ್ನು ತಿದ್ದಿಸಿದರು: ನಲ್ಲಿ ಇದೆಯೇ ಎಂದಲ್ಲ, ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಬೇಕು. ಎಲ್ಲ ಮುಗಿದ ಮೇಲೆ, ಅದುವರೆಗೆ ಮಾತನಾಡದೆ ಎಲೆ ಕತ್ತರಿಸುತ್ತಿದ್ದ ಹಿರಿಯರೊಬ್ಬರು ಕೇಳಿದರು: “ಬರದ ಮ್ಯಾಲ ಈ ಕಾಗದ ಯಾರ ಹಂತೇಕ ಇರ್ತೈತೋ ತಮ್ಮಾ?” ನಮ್ಮ ಸಂಸ್ಥೆಯಲ್ಲಿ, ಭದ್ರವಾಗಿ ಎಂದೆ. “ಹಂಗಾರ ಎರಡ ಬರಿ. ಒಂದು ನಮ್ಮ ಹಂತೇಕ ಇರ್ಲಿ.”

ಆ ಓಣಿಯ ನಮೂನೆಗಳನ್ನು ಈಗ ಕಾರ್ಬನ್ ಹಾಳೆ ಇಟ್ಟು ಬರೆಯಲಾಗುತ್ತಿದೆ. ಎರಡನೆಯ ಪ್ರತಿಗಳು ಅಲ್ಲಿನ ಗುಡಿಯ ಭಜನೆ ಪೆಟ್ಟಿಗೆಯಲ್ಲಿವೆ.